ಬನಹಟ್ಟಿಯಿಂದ ವಿಶ್ವವಿದ್ಯಾಲಯ ಎಷ್ಟು ದೂರ?

ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಓಣಿಗೆ ಕಾಲಿಟ್ಟರೆ ಸಾಕು, ಮಗ್ಗದ ಖಟಖಟ ಸದ್ದು. ಆ ಸದ್ದಿನ ಪಕ್ಕದಲ್ಲೇ ಪುಸ್ತಕ ಹಿಡಿದು ಡಿಗ್ರಿ ಮುಗಿಸಿದ ಮಕ್ಕಳು ಇಲ್ಲಿದ್ದಾರೆ. ಮುಂದೆ ಎಂ.ಎ. ಓದಬೇಕೆಂದರೆ?

ದಶಕಗಳ ಕಾಲ ನಮ್ಮ ಭಾಗದ ಕಾಲೇಜುಗಳಿಗೆ ಧಾರವಾಡವೇ ಕೇಂದ್ರ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಮತ್ತೆ ಮಗ್ಗ.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಯಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ದಾರಿ ಸ್ವಲ್ಪ ಹತ್ತಿರವಾಯಿತು.

2023ರಲ್ಲಿ ಹೊಸ ವಿಶ್ವವಿದ್ಯಾಲಯವೊಂದು ಪಕ್ಕದೂರಿಗೇ ಬಂತು. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ! ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ ಹತ್ತಿದರೆ, ಸಂಜೆಗೆ ಮರಳಿ ಮನೆ. ಮಗಳನ್ನು ಪರವೂರಿಗೆ ಕಳಿಸಲು ಹಿಂಜರಿಯುವ ತಾಯಿಗೆ ಇದು ಸಣ್ಣ ಮಾತಲ್ಲ.

ಆದರೆ 2025ರಲ್ಲಿ, ಹಣದ ಕೊರತೆಯ ಕಾರಣಕ್ಕೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದಲ್ಲೇ ಎದ್ದಿತು. ಕೊರತೆ ನಿಜ. ಅದಕ್ಕೆ ಮದ್ದು ಬೀಗವಲ್ಲ. ಬೇಕಿರುವುದು ಕಟ್ಟಡ, ಗ್ರಂಥಾಲಯ, ಕಾಯಂ ಅಧ್ಯಾಪಕರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರೇ, ಇದು ನಮ್ಮ ವಿಶ್ವವಿದ್ಯಾಲಯ. ಮಕ್ಕಳನ್ನು ಕಳಿಸಿ, ಅದರ ಪರವಾಗಿ ದನಿ ಎತ್ತಿ.