ಗರಸು ದಾರೀಲಿ ಸೈಕಲ್ ಯಾಕೆ ಜಾರುತ್ತೆ?



ನಮ್ಮ ಶಾಲೆಯಲ್ಲಿ 7ನೇ ತರಗತಿ ಮುಗಿಸಿದವರು ಹೈಸ್ಕೂಲಿಗೆ ಬೇರೆ ಊರಿಗೆ ಹೋಗಬೇಕು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ಕೈ ಹಿಡಿಯೋದು ಸೈಕಲ್ಲೇ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರು ಮಾಡಿದ್ದೂ ಇದಕ್ಕಾಗಿಯೇ. ಆದರೆ ಸೈಕಲ್ ಇದ್ದರೆ ಸಾಲದು. ಗರಸು ದಾರಿಯಲ್ಲಿ ಒಂದು ಸಲ ಜಾರಿ ಬಿದ್ದು ಮಂಡಿ ಕಿತ್ತುಕೊಂಡು ಬಂದರೆ "ಇನ್ಮೇಲೆ ಸೈಕಲ್ ಮುಟ್ಟಬೇಡ" ಅಂತಾರೆ ಮನೇಲಿ. ಹೆಣ್ಣುಮಕ್ಕಳಾದರೆ "ಹೈಸ್ಕೂಲೇ ಬೇಡ ಬಿಡು" ಅನ್ನೋ ಮಾತೂ ಬರುತ್ತೆ. ಆದ್ದರಿಂದ ಗರಸಿನ ಮೇಲೆ ಬೀಳದೆ ಸೈಕಲ್ ಹೊಡೆಯೋದು ಬರೀ ಆಟವಲ್ಲ, ನಮ್ಮ ಓದಿನ ವಿಷಯ. ಅದನ್ನು ಸ್ವಲ್ಪ ತಿಳಿದುಕೊಳ್ಳೋಣ.

ಈ ಗರಸು ಬಂದದ್ದು ಎಲ್ಲಿಂದ?

2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾದ ನಮ್ಮ ಜಿಲ್ಲೆಯಲ್ಲಿ ಎತ್ತ ನೋಡಿದರೂ ಬಂಡೆಬೆಟ್ಟ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಹಾಗಾಗಿ ಅಲ್ಲಿಯ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ! ಮಾಗಡಿ ತಾಲ್ಲೂಕಿನ ಸಾವನದುರ್ಗವೂ ಗ್ರಾನೈಟ್ ಬೆಟ್ಟವೇ. ಸಮುದ್ರಮಟ್ಟದಿಂದ ಅದರ ಎತ್ತರ 1226 ಮೀಟರ್.

ಗ್ರಾನೈಟ್ ಕಲ್ಲನ್ನು ಒಡೆದು ನೋಡಿ. ಅದರಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಗಾಜಿನಂತೆ ಕಾಣೋದು ಬೆಣಚು. ಬಿಳಿ ಅಥವಾ ನಸುಗೆಂಪು ಬಣ್ಣದ್ದು ಫೆಲ್ಡ್‌ಸ್ಪಾರ್. ಮಿಣಮಿಣ ಹೊಳೆಯೋದು ನಾವು ಕಾಗೆ ಬಂಗಾರ ಅನ್ನುವ ಅಭ್ರಕ. ಮಳೆ ಬಿಸಿಲಿಗೆ ಸಿಕ್ಕಿ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಮಣ್ಣಾಗುತ್ತೆ. ಮಳೆನೀರು ಆ ಮಣ್ಣನ್ನು ಹೊತ್ತು ಕೆರೆಗೆ ಹಾಕುತ್ತೆ. ಬೆಣಚು ಮಾತ್ರ ಕರಗದೆ ಕಾಳು ಕಾಳಾಗಿ ದಾರಿಯಲ್ಲೇ ಉಳಿಯುತ್ತೆ. ಅದೇ ನಮ್ಮ ಗರಸು. ಮಳೆ ಹೆಚ್ಚಾದ ವರ್ಷ ದಾರಿಯ ಮೇಲೆ ಗರಸು ಹೆಚ್ಚಾಗಿ ತೇಲೋದು ಇದಕ್ಕೇ.

ಜಾರೋದು ಯಾಕೆ?

ಒಕ್ಕಣೆ ಕಣದಲ್ಲಿ ಚೆಲ್ಲಿದ ರಾಗಿ ಮೇಲೆ ಕಾಲಿಟ್ಟಿದ್ದೀರಾ? ಸರ್ ಅಂತ ಜಾರುತ್ತೆ. ಪಾದಕ್ಕೂ ನೆಲಕ್ಕೂ ಮಧ್ಯೆ ಕಾಳು ಉರುಳುತ್ತೆ, ಪಾದಕ್ಕೆ ನೆಲದ ಹಿಡಿತ ಸಿಗೋದಿಲ್ಲ. ಗರಸಿನ ಮೇಲೆ ಟೈರಿನ ಕಥೆಯೂ ಅಷ್ಟೇ. ಟೈರು ಹಿಡಿದುಕೊಂಡಿರೋದು ನೆಲವನ್ನಲ್ಲ, ಉರುಳುವ ಕಾಳನ್ನು. ಗಟ್ಟಿ ನೆಲದ ಮೇಲೆ ತೆಳ್ಳಗೆ ಗರಸು ಹರಡಿರುವ ಕಡೆ ಇದು ಎಲ್ಲಕ್ಕಿಂತ ಹೆಚ್ಚು.

ನೇರ ಹೋಗುವಾಗ ಅಷ್ಟು ತೊಂದರೆಯಿಲ್ಲ. ತಿರುವಿನಲ್ಲಿ ಸೈಕಲ್ ಒಂದು ಪಕ್ಕಕ್ಕೆ ವಾಲುತ್ತೆ. ಆಗ ಟೈರನ್ನು ಹೊರಕ್ಕೆ ಜಾರದಂತೆ ತಡೆಯೋದು ನೆಲದ ಹಿಡಿತ ಒಂದೇ. ಅದೇ ಹೊತ್ತಿಗೆ ನಾವು ಗಾಬರಿಯಾಗಿ ಬ್ರೇಕನ್ನೂ ಹಿಡಿದರೆ, ಇರುವ ಚೂರು ಹಿಡಿತದಲ್ಲೇ ಎರಡು ಕೆಲಸ ಆಗಬೇಕು. ಆಗೋದಿಲ್ಲ. ಧಡ್ ಅಂತ ಬೀಳ್ತೀವಿ.

ಗಾಳಿ ಎಷ್ಟಿರಬೇಕು?

ಟೈರು ಕಲ್ಲಿನ ಹಾಗಿರಬೇಕು ಅಂತ ಕೆಲವರು ಪಂಪ್ ಹೊಡೆದೇ ಹೊಡೀತಾರೆ. ಡಾಂಬರ್ ರಸ್ತೆಗೆ ಸರಿ. ಗರಸು ದಾರಿಯಲ್ಲಿ ಬಿಗಿ ಟೈರು ಪ್ರತಿ ಕಲ್ಲಿಗೂ ಚೆಂಡಿನಂತೆ ಪುಟಿಯುತ್ತೆ. ಪುಟಿದಾಗ ಅದು ನೆಲದ ಮೇಲೇ ಇರೋದಿಲ್ಲ, ಹಿಡಿತ ಎಲ್ಲಿಂದ ಬರಬೇಕು? ಗಾಳಿ ಸ್ವಲ್ಪ ಕಡಿಮೆ ಇದ್ದರೆ ಟೈರು ಚೂರು ಚಪ್ಪಟೆಯಾಗಿ ಹೆಚ್ಚು ಜಾಗ ಹಿಡಿಯುತ್ತೆ, ಸಣ್ಣ ಕಲ್ಲನ್ನು ತನ್ನೊಳಗೇ ಅದುಮಿಕೊಂಡು ಹೋಗುತ್ತೆ.

ತೀರಾ ಕಡಿಮೆಯಾದರೂ ಕಷ್ಟ. ಗುಂಡಿಗೆ ಬಿದ್ದಾಗ ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬು ಸಿಕ್ಕಿಕೊಂಡು ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಟೈರು ಸ್ವಲ್ಪವೇ ಬಗ್ಗಬೇಕು, ನೀವು ಸೀಟಿನ ಮೇಲೆ ಕೂತಾಗ ರಿಮ್ಮು ನೆಲಕ್ಕೆ ತಾಗುವಂತಿರಬಾರದು. ಇದೇ ಅಳತೆ.

ಗಾಳಿ ತುಂಬಿದ ಟೈರು ಬಂದದ್ದೂ ಒಬ್ಬ ಹುಡುಗನಿಗಾಗಿ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಡನ್‌ಲಪ್ ಎಂಬ ಪಶುವೈದ್ಯರು, ಮಗನ ಮೂರು ಗಾಲಿ ಸೈಕಲ್ಲು ಒರಟು ನೆಲದ ಮೇಲೆ ಕುಲುಕದೆ ಓಡಲಿ ಅಂತ ಅದನ್ನು ಮಾಡಿದರು.

ತಾತನ ಸೈಕಲ್ಲೂ ಗ್ರಾವೆಲ್ ಬೈಕೂ

ಬೆಂಗಳೂರಿನಿಂದ ರಜಾದಿನಗಳಲ್ಲಿ ಮಂಚನಬೆಲೆ, ಸಾವನದುರ್ಗದ ಕಡೆಗೆ ಹೆಲ್ಮೆಟ್ ಹಾಕಿಕೊಂಡು ಸೈಕಲ್ಲಿನಲ್ಲಿ ಬರುವವರಿದ್ದಾರೆ. ಅವರಲ್ಲಿ ಕೆಲವರ ಸೈಕಲ್ಲಿಗೆ ಗ್ರಾವೆಲ್ ಬೈಕ್ ಅಂತ ಹೆಸರು. ಗ್ರಾವೆಲ್ ಅಂದರೆ ಗರಸೇ! ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಗುಡ್ಡ ಮತ್ತು ಹುಲ್ಲುಗಾವಲು ತುಂಬಿದ ಪ್ರದೇಶವಿದೆ. ಅಲ್ಲಿ ಎಂಪೋರಿಯಾ ಎಂಬ ಊರಿನಿಂದ 2006ರಲ್ಲಿ ಗರಸು ದಾರಿಯ ಸೈಕಲ್ ಪಂದ್ಯ ಶುರುವಾಯಿತು. ದೂರ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ಇಂಥ ಪಂದ್ಯಗಳಿಂದ ಗ್ರಾವೆಲ್ ಬೈಕು ಜಗತ್ತಿಗೆಲ್ಲ ಪರಿಚಯವಾಯಿತು.

ಅದರ ಟೈರಿನ ಅಗಲ ಸಾಮಾನ್ಯವಾಗಿ 40 ಮಿ.ಮೀ. ಆಸುಪಾಸು. ಈಗ ನಿಮ್ಮ ತಾತನ ಕಾಲದ ಕಪ್ಪು ಸೈಕಲ್ಲಿನ ಟೈರು ನೋಡಿ. ಪಕ್ಕದಲ್ಲಿ 28 × 1½ ಅಂತ ಬರೆದಿರುತ್ತೆ. 1½ ಅಂಗುಲ ಅಂದರೆ ಸುಮಾರು 38 ಮಿ.ಮೀ. ಹೆಚ್ಚುಕಡಿಮೆ ಅದೇ ಅಗಲ! ಎರಡು ಗಾಲಿಗಳ ನಡುವಿನ ದೂರವೂ ಉದ್ದ, ಹಾಗಾಗಿ ಸೈಕಲ್ ಅಲ್ಲಾಡದೆ ನೆಟ್ಟಗೆ ಹೋಗುತ್ತೆ. ರೇಷ್ಮೆಗೂಡು, ಹಾಲಿನ ಕ್ಯಾನು, ಹಿಂಡಿ ಮೂಟೆ ಹೊತ್ತು ಹಳ್ಳಿಯ ಬಂಡಿ ಜಾಡಿನಲ್ಲಿ ಓಡಾಡಲೆಂದೇ ಮಾಡಿದ ಹಾಗಿದೆ ಅದು.

ಹಾಗಾದರೆ ವ್ಯತ್ಯಾಸ ಏನು? ಹೊಸದರ ತೂಕ ಸುಮಾರು ಅರ್ಧ. ಗೇರು ಇದೆ, ಒಳ್ಳೇ ಬ್ರೇಕು ಇದೆ. ನಮ್ಮದರಲ್ಲಿ ಅವು ಇಲ್ಲ. ಅದಕ್ಕೆ ಏರು, ಇಳಿಜಾರು ಎರಡರಲ್ಲೂ ನಾವೇ ಬುದ್ಧಿ ಓಡಿಸಬೇಕು.

ಏರಿನಲ್ಲಿ

ಪೆಡಲ್ ಇರುವ ಹಲ್ಲಿನ ಚಕ್ರದಲ್ಲಿ 44 ಹಲ್ಲು, ಹಿಂದಿನ ಗಾಲಿಯದರಲ್ಲಿ 18 ಹಲ್ಲು ಇದೆ ಅಂತಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು 2½ ಸುತ್ತು ತಿರುಗುತ್ತೆ. ಸೈಕಲ್ 5 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತೆ. ಏರಿನಲ್ಲಿ ಒಂದೇ ತುಳಿತಕ್ಕೆ ಅಷ್ಟು ದೂರ ಎತ್ತೋದು ಸುಲಭವಲ್ಲ. ಗೇರು ಇದ್ದವರು ಸಣ್ಣ ಗೇರು ಹಾಕಿ ಒಂದು ಸುತ್ತಿಗೆ 2 ಮೀಟರಿನಷ್ಟೇ ಹೋಗ್ತಾರೆ. ನಾವು ಎದ್ದು ನಿಂತು ತುಳಿದರೆ ಭಾರವೆಲ್ಲ ಮುಂದಕ್ಕೆ ಬಂದು, ಹಿಂದಿನ ಗಾಲಿ ಗರಸಿನಲ್ಲಿ ಸುಮ್ಮನೆ ಗಿರ್ರನೆ ತಿರುಗುತ್ತೆ. ಕೂತೇ ತುಳೀರಿ. ಆಗದಿದ್ದರೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಇಳಿಜಾರಿನಲ್ಲಿ

ಬೀಳೋದು ಹೆಚ್ಚಾಗಿ ಇಲ್ಲೇ. ಒಂದು ಲೆಕ್ಕ ನೆನಪಿಡಿ: ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. 10 ಕಿ.ಮೀ. ವೇಗದಲ್ಲಿ 1 ಮಾರಿನಲ್ಲಿ ನಿಲ್ಲುವ ಸೈಕಲ್ 20 ಕಿ.ಮೀ. ವೇಗದಲ್ಲಿ 4 ಮಾರು ಹೋಗಿ ನಿಲ್ಲುತ್ತೆ.

1. ವೇಗ ಹೆಚ್ಚುವ ಮೊದಲೇ, ಇಳಿಜಾರಿನ ತಲೆಯಲ್ಲೇ ಬ್ರೇಕ್ ಹಿಡಿಯಿರಿ.
2. ಗರಸಿನಲ್ಲಿ ಹಿಂದಿನ ಬ್ರೇಕು ಮುಖ್ಯ, ಮುಂದಿನದು ಮೆಲ್ಲಗೆ. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಹ್ಯಾಂಡಲ್ಲೇ ಕೈತಪ್ಪುತ್ತೆ.
3. ತಿರುವಿಗೆ ಮೊದಲು ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ.
4. ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು, ಸೀಟಿನಿಂದ ಚೂರು ಎದ್ದು, ಮಂಡಿ ಮೊಣಕೈ ಸಡಿಲ ಬಿಡಿ. ಅವೇ ನಮ್ಮ ಸ್ಪ್ರಿಂಗು.
5. ಕಣ್ಣು ಕಲ್ಲಿನ ಮೇಲಲ್ಲ, ಹೋಗಬೇಕಾದ ಜಾಡಿನ ಮೇಲಿರಲಿ. ಕಣ್ಣು ಹೋದ ಕಡೆ ಗಾಲಿ ಹೋಗುತ್ತೆ.
6. ರಿಮ್ಮು ಒದ್ದೆಯಿದ್ದರೆ ಬ್ರೇಕು ಸರಿಯಾಗಿ ಹಿಡಿಯೋದಿಲ್ಲ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒರೆಸಿಕೊಳ್ಳಿ. ಇಳಿಜಾರಿನಲ್ಲಿ ಡಬಲ್ಸ್ ಬೇಡವೇ ಬೇಡ.

ಮುಳ್ಳು, ಹುರುಳಿ, ಆನೆ

ನೆಗ್ಗಿಲ ಮುಳ್ಳು ಗೊತ್ತಲ್ಲ? ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತೆ. ನಮ್ಮ ಈ ಗಿಡ ಅಮೆರಿಕಕ್ಕೂ ಹೋಗಿ ಸೇರಿದೆ. ಅಲ್ಲಿಯವರು ಅದಕ್ಕೆ ಇಟ್ಟ ಹೆಸರೇ ಪಂಕ್ಚರ್ ಬಳ್ಳಿ! ಅದಿರುವ ಕಡೆ ದಾರಿಯ ಅಂಚಿಗೆ ಹೋಗದೆ, ಗಾಲಿ ಓಡಿ ಸವೆದ ಜಾಡಿನಲ್ಲೇ ಹೋಗಿ.

ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡುವುದುಂಟು. ಹುರುಳಿ ಬಳ್ಳಿ ಗಾಲಿಯ ಕಡ್ಡಿಗೆ, ಚೈನಿಗೆ ಸುತ್ತಿಕೊಳ್ಳುತ್ತೆ. ಇಳಿದು ದಾಟಿ.

ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಿ ಆನೆ, ಮಾಗಡಿ, ರಾಮನಗರದ ಬೆಟ್ಟಗಳ ಬಳಿ ಚಿರತೆ, ಕರಡಿ ಇವೆ. ಸೈಕಲ್ ಸದ್ದಿಲ್ಲದೆ ಹೋಗುತ್ತೆ, ಪ್ರಾಣಿಗೆ ನಾವು ಬರೋದು ಗೊತ್ತಾಗೋದಿಲ್ಲ. ಆದ್ದರಿಂದ ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ಆ ದಾರಿ ಬೇಡ. ಹಗಲಲ್ಲೂ ಜೊತೆಯಾಗಿ, ಬೆಲ್ ಮಾಡುತ್ತಾ ಹೋಗಿ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಂಥ ಕಾಯ್ದಿಟ್ಟ ಕಾಡಿನೊಳಕ್ಕೆ ಸೈಕಲ್ ನುಗ್ಗಿಸಬಾರದು.

ಆದರೂ ಈ ದಾರಿ ಯಾಕೆ ಬೇಕು?

ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 118 ಕಿ.ಮೀ. ಉದ್ದ. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಸೈಕಲ್ಲಿಗೂ ಬೈಕು, ಆಟೋ, ಟ್ರ್ಯಾಕ್ಟರುಗಳಿಗೂ ನಿಷೇಧ. ಅವೆಲ್ಲ ಸರ್ವಿಸ್ ರಸ್ತೆಯಲ್ಲೇ ಓಡಬೇಕು. ಲಾರಿ ಗಾಳಿಗೇ ಸೈಕಲ್ ವಾಲುವಂಥ ಆ ಗದ್ದಲಕ್ಕಿಂತ, ಕೆರೆ ಏರಿ, ಮಾವಿನ ತೋಪು, ಹಿಪ್ಪುನೇರಳೆ ತೋಟದ ಪಕ್ಕ ಹಾಯುವ ಗರಸು ದಾರಿಯೇ ಮೇಲು. ಅಲ್ಲಿ ಬಿದ್ದರೂ ಮಂಡಿ ತರಚೀತು, ಹಿಂದಿನಿಂದ ಲಾರಿ ಬರೋದಿಲ್ಲ.

ಮಾಡಿ ನೋಡಿ

ಟೈರಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಪೆಡಲ್ ಒಂದು ಸುತ್ತಿಗೆ ನಿಮ್ಮ ಸೈಕಲ್ ಎಷ್ಟು ದೂರ ಹೋಗುತ್ತೆ ಅಂತ ಅಳೆಯಿರಿ. ಆಮೇಲೆ ಹೈಸ್ಕೂಲಿನ ದಾರಿಯಲ್ಲಿ ಅಕ್ಕ ಅಣ್ಣಂದಿರ ಜೊತೆ ಒಮ್ಮೆ ನಡೆದುಕೊಂಡೇ ಹೋಗಿ ಬನ್ನಿ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಹಳ್ಳದ ಮರಳು, ಯಾವ ತಿರುವಿನಲ್ಲಿ ಗರಸು ಹೆಚ್ಚು ಅಂತ ಒಂದು ಹಾಳೆಯಲ್ಲಿ ನಕ್ಷೆ ಬರೆದು ತನ್ನಿ. ಈ ಲೇಖನದ ಪಕ್ಕದಲ್ಲೇ ಅಂಟಿಸೋಣ. ಬರುವ ಜೂನ್‌ನಲ್ಲಿ ಆ ದಾರಿ ಹಿಡಿಯುವವರಿಗೆ ಉಪಯೋಗಕ್ಕೆ ಬರುತ್ತೆ.