ಕೆರೆಗಳ ಲೆಕ್ಕ ಹಿಡಿದ ಸ್ಯಾಂಕಿ

ತಿ. ನರಸೀಪುರದ ಕಡೆಯವರಿಗೆ ತಲಕಾಡಿನ ಹತ್ತಿರದ ಮಾಧವಮಂತ್ರಿ ಕಟ್ಟೆಯನ್ನು ಪರಿಚಯಿಸಬೇಕಿಲ್ಲ. ಕಾವೇರಿಗೆ ಅಡ್ಡಲಾಗಿ ನಿಂತ ಆ ಅಣೆಯನ್ನು ವಿಜಯನಗರದ ಕಾಲದ್ದೆನ್ನುತ್ತಾರೆ. ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಕಲ್ಲುಸೇತುವೆ 1735ರದು, ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಮುಂದೆ ಅದರ ಮೇಲೆ ರೈಲೂ ಓಡಿತು. ನದಿ ಇದ್ದ ಕಡೆ ಅಣೆ ಕಟ್ಟಿ ನಾಲೆ ತೆಗೆದರು, ಇಲ್ಲದ ಕಡೆ ಕೆರೆ ಕಟ್ಟಿದರು. ಎಂಜಿನಿಯರಿಂಗ್ ಕಾಲೇಜು ಕಾಣದವರ ಕೆಲಸ ಇದೆಲ್ಲ.

ಇಂಥ ಮೈಸೂರು ಸೀಮೆಗೆ 1861ರಲ್ಲಿ ಕೆಲಸಕ್ಕೆ ಬಂದವರು ರಿಚರ್ಡ್ ಸ್ಯಾಂಕಿ. ಐರ್ಲೆಂಡಿನ ಟಿಪ್ಪರರಿಯಲ್ಲಿ 1829ರಲ್ಲಿ ಹುಟ್ಟಿ, ಹದಿನೇಳರ ಹರೆಯದಲ್ಲೇ ಮದ್ರಾಸ್ ಎಂಜಿನಿಯರ್ಸ್ ಸೇನಾದಳ ಸೇರಿದವರು. 1864ರಲ್ಲಿ ಇಲ್ಲಿನ ಮುಖ್ಯ ಎಂಜಿನಿಯರ್ ಆಗಿ, 1877ರವರೆಗೂ ಆ ಹುದ್ದೆಯಲ್ಲಿದ್ದರು. ಬೆಂಗಳೂರಿನವರು ಸ್ಯಾಂಕಿ ಕೆರೆಯಿಂದಲೋ ಅಠಾರ ಕಚೇರಿ, ಕಬ್ಬನ್ ಪಾರ್ಕ್‌ಗಳಿಂದಲೋ ಅವರನ್ನು ನೆನೆಯುತ್ತಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಕಟ್ಟಡಗಳಲ್ಲಿಲ್ಲ.

ನೀರಾವರಿಗೆಂದೇ ಪ್ರತ್ಯೇಕ ಇಲಾಖೆ ಮಾಡಿ, ಒಂದೊಂದು ಕಣಿವೆಯನ್ನೂ ಅಳೆಸಿದರು ಸ್ಯಾಂಕಿ. ಯಾವ ಕೆರೆಗೆ ಎಷ್ಟು ನೆಲದ ಮಳೆ ಹರಿದು ಬರುತ್ತದೆ, ಆ ನೀರಿಗೆ ಕೆರೆ ಎಷ್ಟು ದೊಡ್ಡದಿರಬೇಕು, ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಯಾವ ಊರಿನ ಕೆರೆ ಸೇರುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಬಂತು. 1866ರಲ್ಲಿ ಅವರು ಬರೆದ ಮಾತು ಈಗಲೂ ಬೆರಗು ಹುಟ್ಟಿಸುತ್ತದೆ: ರಾಜ್ಯದ ಸುಮಾರು ಶೇ 60ರಷ್ಟು ನೆಲ ಕೆರೆಗಳ ಜಾಲದಲ್ಲೇ ಇದೆ, ಅಲ್ಲಿ ಹೊಸ ಕೆರೆಗೆ ಜಾಗ ಹುಡುಕಲು ಭಾರೀ ಜಾಣತನ ಬೇಕು, ಹಾಗೆ ಕಟ್ಟಿದರೂ ಅದು ಕೆಳಗಿನ ಕೆರೆಯ ನೀರನ್ನೇ ಕಸಿಯುತ್ತದೆ, ಹಳೆಯದನ್ನು ದುರಸ್ತಿ ಮಾಡುವುದೇ ದಾರಿ.

ಕಟ್ಟುವುದಕ್ಕೆಂದೇ ಸಂಬಳ ಪಡೆಯುವ ಎಂಜಿನಿಯರ್, ಆಳುವ ಜನಾಂಗದವರು ಬೇರೆ, ಇಲ್ಲಿನ ರೈತರ ಹಿರೀಕರು ತಮಗಿಂತ ಮೊದಲೇ ಈ ಕೆಲಸ ಮುಗಿಸಿದ್ದಾರೆಂದು ಸರ್ಕಾರಕ್ಕೆ ಬರೆದುಕೊಟ್ಟರು. ಅದಕ್ಕೆ ಧೈರ್ಯ ಬೇಕಿತ್ತು. ಹಳ್ಳಕ್ಕೊಂದು ಚೆಕ್ ಡ್ಯಾಮ್ ಮಂಜೂರು ಮಾಡುವ ಮುಂಚೆ ನಮ್ಮ ಸಣ್ಣ ನೀರಾವರಿ ಇಲಾಖೆಯವರು ಆ ಪುಟಗಳನ್ನು ಓದಬೇಕೆಂದು ನನ್ನ ಆಸೆ. ಕೆಳಗಿನ ಊರಿನ ಕೆರೆ ಯಾಕೆ ತುಂಬುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಕಡೆ ಮೇಲಿನ ಊರಿನಲ್ಲೇ ಇರುತ್ತದೆ.

ಮೈಸೂರು ಬಿಟ್ಟ ಮೇಲೆ ಸ್ಯಾಂಕಿ ಆಫ್ಘನ್ ಯುದ್ಧಕ್ಕೆ ಹೋದರು, ಮದ್ರಾಸಿನಲ್ಲಿ ದುಡಿದರು. ಸೇನೆಯಿಂದ ನಿವೃತ್ತರಾದ ಬಳಿಕ ಹುಟ್ಟುನಾಡಾದ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಗೆ ಅಧ್ಯಕ್ಷರಾದರು. 1908ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.