ನಾಲ್ಕು ಚಕ್ರ ತಿರುಗಿದರೆ ಸಾಕೆ?

ಮಳೆ ಹುಯ್ದ ಮರುದಿನ ಹಿರಿಯೂರು ಸೀಮೆಯ ಎರೆ ಹೊಲದ ದಾರಿಗೆ ಪಿಕಪ್ ಇಳಿಸುವ ಮುನ್ನ ಎಂಥ ಚಾಲಕನೂ ಒಂದು ಗಳಿಗೆ ನಿಂತು ನೋಡುತ್ತಾನೆ. ರಾಜ್ಯದಲ್ಲಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಆದರೆ ಬಿದ್ದ ಒಂದೇ ಮಳೆಗೆ ಎರೆ ಮಣ್ಣು ನಾದಿದ ಹಿಟ್ಟಿನಂತಾಗಿ ಟೈರಿನ ಸಂದುಗಳಲ್ಲಿ ಮೆತ್ತಿಕೊಳ್ಳುತ್ತದೆ. ಹೊಸ ಟೈರೂ ಸವೆದ ಟೈರಿನಂತೆ ಜಾರುತ್ತದೆ. ಕೊಯ್ದಿಟ್ಟ ದಾಳಿಂಬೆ ಕಾಯುವುದಿಲ್ಲ, ವ್ಯಾಪಾರಿಯಂತೂ ಕಾಯುವುದೇ ಇಲ್ಲ. 20 ಕಿಲೋ ತೂಕದ ಕ್ರೇಟು 50 ಹೇರಿದರೆ ಒಂದು ಟನ್. ಆ ಒಂದು ಟನ್ ಮಾಲು ಡಾಂಬರು ರಸ್ತೆ ಮುಟ್ಟುವವರೆಗಿನ ಅರ್ಧ ಮೈಲಿಯಲ್ಲೇ ವರ್ಷದ ದುಡಿಮೆಯ ಲೆಕ್ಕ ತಲೆಕೆಳಗಾಗಬಹುದು.

ಇಂಥ ಕಡೆ ‘ಫೋರ್ ವ್ಹೀಲ್ ಡ್ರೈವ್’ ಪಿಕಪ್ ಕೊಳ್ಳುವ ಆಸೆ ಹುಟ್ಟುವುದು ಸಹಜ. ಆದರೆ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ ಎಂದ ಮಾತ್ರಕ್ಕೆ ಗಾಡಿ ಕೆಸರಿನಿಂದ ಮೇಲೇಳುತ್ತದೆಯೆ?

ಇಲ್ಲ. ಕಾರಣ ಆಕ್ಸಲಿನ ನಡುವೆ ಇರುವ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು, ಒಳಗಿನದು ಕಡಿಮೆ ಸುತ್ತಲು ಅದು ಬೇಕೇ ಬೇಕು. ಆದರೆ ಒಂದು ಚಕ್ರ ಕೆಸರಿನಲ್ಲಿ ಜಾರತೊಡಗಿತೆನ್ನಿ. ಅದನ್ನು ಸುಮ್ಮನೆ ತಿರುಗಿಸಲು ಎಷ್ಟು ಬಲ ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಮೇಲಿರುವ ಜೊತೆ ಚಕ್ರಕ್ಕೂ ಸಿಗುತ್ತದೆ. ಹೀಗೆ ಮುಂದೊಂದು, ಹಿಂದೊಂದು ಚಕ್ರ ಗಿರಗಿರನೆ ತಿರುಗಿ, ಉಳಿದೆರಡು ಮೌನವಾಗಿ ನಿಂತು, ದುಬಾರಿ ಫೋರ್ ಬೈ ಫೋರ್ ಕೂಡ ಹೂತುಹೋಗುತ್ತದೆ.

ಇದಕ್ಕೆ ಮದ್ದು ನಮ್ಮ ರೈತರಿಗೆ ಗೊತ್ತಿಲ್ಲದ್ದೇನಲ್ಲ. ಟ್ರ್ಯಾಕ್ಟರಿನಲ್ಲಿ ಹಿಮ್ಮಡಿಯ ಬಳಿ ಒಂದು ಪುಟ್ಟ ಪೆಡಲ್ ಇರುತ್ತದಲ್ಲ, ‘ಡಿಫ್ ಲಾಕ್’? ಅದನ್ನು ಒತ್ತಿದರೆ ಎರಡೂ ಹಿಂಚಕ್ರಗಳು ಒಂದೇ ಅಚ್ಚಿಗೆ ಕಟ್ಟಿದಂತೆ ತಿರುಗುತ್ತವೆ. ಟ್ರ್ಯಾಕ್ಟರಿನಲ್ಲಿ ಪುಕ್ಕಟೆ ಎನ್ನುವಂತೆ ಬರುವ ಈ ಸಲಕರಣೆ ಪಿಕಪ್‌ಗೆ ಬಂದೊಡನೆ ಐಷಾರಾಮದ ಪಟ್ಟಿಗೆ ಸೇರಿಬಿಡುವುದು ವಿಚಿತ್ರ. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್‌ನಲ್ಲಿ ಗುಂಡಿ ಒತ್ತಿದರೆ ಹಿಂದಿನ ಡಿಫರೆನ್ಷಿಯಲ್ ಬಿಗಿಯುತ್ತದೆ. 700 ಮಿಲಿಮೀಟರ್ ನೀರನ್ನೂ ದಾಟಬಲ್ಲದೆಂದು ಕಂಪನಿಯ ಲೆಕ್ಕ. ಆದರೆ ಆಗಿನ ಆರಂಭದ ಬೆಲೆ 33.99 ಲಕ್ಷ ರೂಪಾಯಿ! 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಸಹ ಇದೇ ಜಾತಿಯದು: ಕೂತಲ್ಲಿಂದಲೇ ಗುಂಡಿ ತಿರುಗಿಸಿ ಎರಡು ಚಕ್ರದಿಂದ ನಾಲ್ಕಕ್ಕೆ ಬದಲಾಯಿಸಬಹುದು. ಹಳೆಯ ಜೀಪುಗಳಲ್ಲಾದರೆ ಚಾಲಕ ಕೆಸರಿಗೆ ಇಳಿದು ಮುಂಚಕ್ರದ ಹಬ್ ತಿರುವಬೇಕಿತ್ತು. ಇವೆರಡೂ ಮನೆಮಂದಿ ಕೂತು ಹೋಗುವ ಅಂದದ ವಾಹನಗಳು. ದಿನವೂ ಕ್ರೇಟು ಹೇರಿಸಲು ಮನಸ್ಸು ಬಂದೀತೆ?

ಹೊರೆಗೆಂದೇ ಹುಟ್ಟಿದ್ದು ಮಹೀಂದ್ರಾ ಬೊಲೆರೊ ಕ್ಯಾಂಪರ್. ಒಂದು ಟನ್ ಹೊರುವ ಇದರಲ್ಲೂ ನಾಲ್ಕು ಚಕ್ರ ಚಾಲನೆಯ ಮಾದರಿ ಬಂದಿದೆ. ಬಿಡಿಭಾಗ, ಮೆಕ್ಯಾನಿಕ್ ಎರಡೂ ತಾಲ್ಲೂಕು ಕೇಂದ್ರದಲ್ಲೇ ಸಿಕ್ಕುವುದು ಇದರ ದೊಡ್ಡ ಗುಣ. ಹೊಸದುರ್ಗದ ತೆಂಗಿನ ತೋಟಕ್ಕೋ ಹೊಳಲ್ಕೆರೆಯ ಅಡಿಕೆ, ಮೆಕ್ಕೆಜೋಳದ ಸೀಮೆಗೋ ಹೋಗುವವರಿಗೆ ನನ್ನ ಮಟ್ಟಿಗೆ ಎರಡು ಚಕ್ರದ ಪಿಕಪ್ಪೇ ಸಾಕು. ಅಲ್ಲಿನ ಕೆಂಪು ಗರಸು ನೆಲದಲ್ಲಿ ನೀರು ಬೇಗ ಇಂಗುತ್ತದೆ. ಖಾಲಿ ಗಾಡಿಯ ಹಿಂಭಾಗ ಹಗುರವಾಗಿ ಚಕ್ರ ಜಾರುವುದುಂಟು. ನಾಲ್ಕು ಮರಳಿನ ಮೂಟೆ ಹಾಕಿಕೊಂಡರೆ ಅದಕ್ಕೂ ಪರಿಹಾರ.

ಚಿತ್ರದುರ್ಗದ ಗುಡ್ಡಗಳ ಮಾತು ಬೇರೆ. ಗಾಳಿಯಂತ್ರಗಳ ಬುಡಕ್ಕೆ ಹೋಗುವ ಜಲ್ಲಿ ದಾರಿಗಳನ್ನು ನೋಡಿ. ಹತ್ತುವುದಕ್ಕಿಂತ ಇಳಿಯುವುದೇ ಅಲ್ಲಿ ಕಷ್ಟ. ಸಾಮಾನು ಹೇರಿಕೊಂಡು ಬರೀ ಬ್ರೇಕನ್ನು ನಂಬಿ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ‘ಫೋರ್ ಲೋ’ ಎಂಬ ತಗ್ಗಿದ ಗೇರಿನ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಗಾಡಿ ನಿಲ್ಲಿಸಿ ಅದಕ್ಕೆ ಹಾಕಿ, ಮೊದಲ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಡೆಸುತ್ತದೆ. (ಜೋಗಿಮಟ್ಟಿ ವನ್ಯಧಾಮ, ಶೋಕಿಗೆ ಗಾಡಿ ಹತ್ತಿಸುವ ಜಾಗವಲ್ಲ.)

ವೇದಾವತಿಯ ಒಣ ಪಾತ್ರದಂಥ ಮರಳಿನಲ್ಲಿ ಮಾತ್ರ ಯಂತ್ರಕ್ಕಿಂತ ಗಾಳಿಯ ಅಳತೆ ಮುಖ್ಯ. ಟೈರಿನ ಗಾಳಿ ತುಸು ಇಳಿಸಿದರೆ ಅದು ಅಗಲವಾಗಿ ಕೂತು ಹೂಳದೆ ಸಾಗುತ್ತದೆ. ಗಾಳಿ ಇಳಿಸಿದಾಗ ಹೊರೆಯನ್ನೂ ವೇಗವನ್ನೂ ಇಳಿಸಬೇಕು; ದಡ ಸೇರಿದ ಮೇಲೆ ತುಂಬಿಸಲು ಪಂಪು ಜೊತೆಗಿರಬೇಕು. ಎರೆ ಮಣ್ಣಿಗೆ ಈ ಉಪಾಯ ಅಷ್ಟಾಗಿ ನಡೆಯದು. ಅಲ್ಲಿ ಬೇಕಾದ್ದು ಆಳವಾದ, ಅಗಲ ಸಂದಿನ ಕೆಸರು ಟೈರು. ಸಾದಾ ಟೈರಿನ ಫೋರ್ ಬೈ ಫೋರ್‌ಗಿಂತ ಒಳ್ಳೆ ಟೈರೂ ಡಿಫ್ ಲಾಕೂ ಇರುವ ಎರಡು ಚಕ್ರದ ಗಾಡಿ ಎಷ್ಟೋ ಸಲ ಮುಂದೆ ಹೋದೀತು.

ಇನ್ನೊಂದು ಮಾತು. ಈ ಪಿಕಪ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಕೆಸರಿನಲ್ಲಿ ಚಕ್ರ ಕೊಂಚ ಜಾರಿ ಬಿಗಿತ ತಾನೇ ಸಡಿಲಗೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟು, ಗೇರು ತಿರುಚಿಕೊಳ್ಳುತ್ತವೆ, ಟೈರು ಬೇಗ ಸವೆಯುತ್ತದೆ. ಹೊಲದಿಂದ ಹಿರಿಯೂರಿನ ಹೆದ್ದಾರಿಗೆ ಹತ್ತಿದೊಡನೆ, ಚಿತ್ರದುರ್ಗದ ಕಡೆಗೋ ಬೆಂಗಳೂರಿನ ಕಡೆಗೋ ತಿರುಗುವ ಮುಂಚೆಯೇ ಲಿವರನ್ನು ‘2ಎಚ್’ಗೆ ತಂದುಬಿಡಬೇಕು.